ಯಾಣದ ಗುಹೆಯನ್ನು ಪೂರ್ತಿ ನೋಡಿ ಬರುವುದು ಹೇಗೆ?

ಶಿರಸಿಯಲ್ಲಿ ಮನೆ ಇದ್ದವರಿಗೆ ಡಿಸೆಂಬರ್ ಬಂತೆಂದರೆ ನೆಂಟರ ಫೋನು ಶುರು. "ಯಾಣಕ್ಕೆ ಹೊರಟಿದ್ದೇವೆ, ದಾರಿ ಹೇಳು." ಯಾಣ ಅಂದರೆ ನಮ್ಮ ಉತ್ತರ ಕನ್ನಡದ ಕಾಡಿನ ನಡುವೆ ಎದ್ದು ನಿಂತ ಎರಡು ದೊಡ್ಡ ಕಪ್ಪು ಕಲ್ಲಿನ ಶಿಖರಗಳು, ಒಂದರ ಬುಡದಲ್ಲಿ ಭೈರವೇಶ್ವರನ ದೇವಸ್ಥಾನ. ದಾರಿ ಹೇಳುತ್ತೇನೆ. ಹೋಗಿ ಬಂದವರು ರಾತ್ರಿ ಊಟಕ್ಕೆ ಕೂತಾಗ ಕೇಳುವ ಪ್ರಶ್ನೆಯೂ ಹೆಚ್ಚುಕಡಿಮೆ ಒಂದೇ: "ದೊಡ್ಡ ಕಲ್ಲು ನೋಡಿದೆವು. ಗುಹೆ ಎಲ್ಲಿತ್ತು?"

ಗುಹೆ ಅವರ ಮುಂದೆಯೇ ಇತ್ತು. ದೇವಸ್ಥಾನದ ಎದುರು ಕೈಮುಗಿದು, ಫೋಟೋ ತೆಗೆದು, ಅಲ್ಲಿಂದಲೇ ತಿರುಗಿದ್ದರು. ಯಾಕೆಂದು ಕೇಳಿದರೆ ಕಾರಣಗಳು ಒಂದೊಂದಾಗಿ ಬರುತ್ತವೆ. ತಲುಪುವಾಗಲೇ ಸಂಜೆ ನಾಲ್ಕು. ಮಗುವಿಗೆ ಹಸಿವು. ಅತ್ತೆಗೆ ಮಂಡಿನೋವು. ಕಲ್ಲು ಜಾರುತ್ತಿತ್ತು. ಒಳಗೆ ಕತ್ತಲೆ.

ಗುಹೆಯೊಳಗೆ ಸೋತವರನ್ನು ನಾನು ಕಂಡದ್ದು ಕಡಿಮೆ. ಗುಹೆ ಮುಟ್ಟುವ ಮೊದಲೇ ದಿನ ಕಳೆದುಕೊಂಡವರೇ ಜಾಸ್ತಿ. ಹಾಗಾಗಿ ಇಲ್ಲಿ ಅರ್ಧಕ್ಕಿಂತ ಹೆಚ್ಚು ಮಾತು ಗುಹೆಯ ಹೊರಗಿನದು. ಓದುವಾಗ ಹಂತಗಳನ್ನು ಹಿಂದೆಮುಂದೆ ಮಾಡಬೇಡಿ. ಒಂದನೇ ಹಂತದ ತಪ್ಪನ್ನು ಐದನೇ ಹಂತದಲ್ಲಿ ಸರಿ ಮಾಡಲು ಆಗುವುದಿಲ್ಲ.

1. ದಿನ ಆರಿಸಿಕೊಳ್ಳಿ

ನವೆಂಬರ್ ಮಧ್ಯದಿಂದ ಜನವರಿ ಕೊನೆಯ ತನಕ ಒಳ್ಳೆಯ ಕಾಲ. ಮಳೆ ನಿಂತು ಕಲ್ಲು ಸ್ವಲ್ಪ ಒಣಗಿರುತ್ತದೆ, ಬಿಸಿಲು ಇನ್ನೂ ಚುಚ್ಚುವುದಿಲ್ಲ. ಅಕ್ಟೋಬರ್‌ನಲ್ಲಿ ಕಾಡು ಬಹಳ ಚಂದ. ಆದರೆ ಉಂಬಳ, ಅಂದರೆ ಜಿಗಣೆ, ಇನ್ನೂ ಹೋಗಿರುವುದಿಲ್ಲ, ನೆರಳಿನ ಮೆಟ್ಟಿಲುಗಳ ಪಾಚಿಯೂ ಹಾಗೇ ಇರುತ್ತದೆ.

ಶಿವರಾತ್ರಿಗೆ ಇಲ್ಲಿ ಜಾತ್ರೆ. ಭೈರವೇಶ್ವರನ ದರ್ಶನಕ್ಕೇ ಬರುವವರು ಖಂಡಿತ ಆಗಲೇ ಬನ್ನಿ. ಗುಹೆ ನೋಡಬೇಕು ಎನ್ನುವವರು ಆ ದಿನಗಳನ್ನು ಬಿಡುವುದು ಒಳ್ಳೆಯದು. ಇಕ್ಕಟ್ಟಿನ ಜಾಗದಲ್ಲಿ ಹಿಂದಿನವರು ನೂಕುವಾಗ ನಿಂತು ನೋಡುವುದು ಆಗದ ಮಾತು.

ಜೂನ್‌ನಿಂದ ಸೆಪ್ಟೆಂಬರ್ ತನಕ ಬೇಡ. ಮಳೆಯಲ್ಲಿ ಯಾಣ ಇನ್ನೂ ಚಂದ ಅನ್ನುವವರು ಸಿಗುತ್ತಾರೆ, ಅದು ಸುಳ್ಳೂ ಅಲ್ಲ. ಆದರೆ ತೊಂದರೆ ಇರುವುದು ದಾರಿಯಲ್ಲಿ. ಯಾಣದ ಕಡೆಯಿಂದ ಇಳಿಯುವ ಚಂಡಿಕಾ ಹೊಳೆ ಜೋರು ಮಳೆಗೆ ಕತಗಾಲದ ಹತ್ತಿರ ಉಕ್ಕಿ ಕುಮಟಾ–ಶಿರಸಿ ರಸ್ತೆಯ ಮೇಲೆ ಬರುತ್ತದೆ. ಘಟ್ಟದಲ್ಲಿ ಗುಡ್ಡದ ಮಣ್ಣು ಜರಿಯುತ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯಲ್ಲಿದ್ದವರ ಜೀವ ಹೋಯಿತು. ಈ ಜಿಲ್ಲೆಯಲ್ಲಿ ಇರುವ ಯಾರೂ ಅದನ್ನು ಮರೆತಿಲ್ಲ.

ಮಳೆಗಾಲದಲ್ಲಿ ಬರಲೇಬೇಕಾದರೆ ಸುಲಭದ ಒಂದು ಲೆಕ್ಕ ಇದೆ. ಮಳೆ ಕಾರಣಕ್ಕೆ ಜಿಲ್ಲೆಯಲ್ಲಿ ಶಾಲೆಗಳಿಗೆ ರಜೆ ಕೊಟ್ಟ ದಿನ ಗುಡ್ಡದ ಕಡೆ ಹೊರಡಬೇಡಿ.

ವಾರದ ದಿನ ಸಿಕ್ಕರೆ ಭಾನುವಾರಕ್ಕಿಂತ ಎಷ್ಟೋ ಮೇಲು.

2. ಹಿಂದಿನ ರಾತ್ರಿ ಎಲ್ಲಿ ಮಲಗುತ್ತೀರಿ?

ಅತಿ ಹೆಚ್ಚು ಜನ ತಪ್ಪುವುದು ಇಲ್ಲೇ. ಬೆಳಗ್ಗೆ ಹುಬ್ಬಳ್ಳಿಯಲ್ಲಿ ತಿಂಡಿ ತಿಂದು ಹೊರಡುತ್ತಾರೆ. ಹುಬ್ಬಳ್ಳಿಯಿಂದ ಶಿರಸಿಗೇ ಸುಮಾರು 100 ಕಿ.ಮೀ., ಅಲ್ಲಿಂದ ಯಾಣಕ್ಕೆ ಸುಮಾರು 40 ಕಿ.ಮೀ. ತಿರುವಿನ ದಾರಿ. ನಡುವೆ ಮಾರಿಕಾಂಬೆ ದರ್ಶನ, ಊಟ. ಯಾಣ ಮುಟ್ಟುವಾಗ ಮೂರು ಗಂಟೆ ಆಗದೆ ಇರುವುದಿಲ್ಲ. ಇನ್ನು ಕೆಲವರು ಮುರುಡೇಶ್ವರ, ಗೋಕರ್ಣ, ಯಾಣ ಮೂರನ್ನೂ ಒಂದೇ ದಿನಕ್ಕೆ ತುಂಬುತ್ತಾರೆ. ಕೊನೆಗೆ ಬರುವ ಯಾಣಕ್ಕೆ ಬೆಳಕೂ ಉಳಿದಿರುವುದಿಲ್ಲ, ಕಾಲಲ್ಲಿ ಶಕ್ತಿಯೂ ಇರುವುದಿಲ್ಲ.

ಹಿಂದಿನ ರಾತ್ರಿ ಶಿರಸಿಯಲ್ಲೋ ಕುಮಟಾದಲ್ಲೋ ಉಳಿಯಿರಿ. ಶಿರಸಿ ಘಟ್ಟದ ಮೇಲೆ, ಕುಮಟಾ ಘಟ್ಟದ ಕೆಳಗೆ. ಕುಮಟಾದಿಂದ ಯಾಣ ಸುಮಾರು 30 ಕಿ.ಮೀ. ರೈಲಿನಲ್ಲಿ ಬರುವವರಿಗೆ ಕುಮಟಾ ಅನುಕೂಲ, ಕೊಂಕಣ ರೈಲ್ವೆ ನಿಲ್ದಾಣ ಅಲ್ಲೇ ಇದೆ. ಬೆಂಗಳೂರು, ಹುಬ್ಬಳ್ಳಿ, ಹಾವೇರಿ ಕಡೆಯವರಿಗೆ ಶಿರಸಿ ಸರಿ.

ಯಾಣ ಮುಗಿಸಿ ಮಧ್ಯಾಹ್ನದ ಮೇಲೆ ಗೋಕರ್ಣಕ್ಕೆ ಹೋಗಿ. ಸಮುದ್ರ ಸಂಜೆಗೂ ಕಾಯುತ್ತದೆ.

3. ಯಾವ ದಾರಿ ಎಂದು ಮನೆಯಲ್ಲೇ ತೀರ್ಮಾನಿಸಿ

ಶಿಖರ ಮುಟ್ಟಲು ದಾರಿ ಒಂದೇ ಅಲ್ಲ. ಒಂದು ದಾರಿಯಲ್ಲಿ ಗಾಡಿ ಹತ್ತಿರದ ತನಕ ಬರುತ್ತದೆ. ಅಲ್ಲಿಂದ ನೆರಳಿನಲ್ಲಿ ಸ್ವಲ್ಪ ದೂರದ ನಡಿಗೆ, ಕೊನೆಗೆ ಮೆಟ್ಟಿಲು. ಕುಮಟಾ ಬದಿಯಲ್ಲಿ ಆನೆಗುಂದಿ ಕಡೆಯಿಂದ ಹತ್ತುವ ಕಾಡುದಾರಿ ಇನ್ನೊಂದು. ಅದರಲ್ಲಿ ನಡಿಗೆ ಜಾಸ್ತಿ, ಏರು ಜಾಸ್ತಿ.

ಮನೆಯಲ್ಲಿ ವಯಸ್ಸಾದವರು, ಪುಟ್ಟ ಮಕ್ಕಳು ಇದ್ದರೆ ಮೊದಲನೆಯದು. ನಡೆಯುವುದೇ ಖುಷಿ ಅನ್ನುವವರಿಗೆ ಎರಡನೆಯದು. ಆದರೆ ಇಬ್ಬರೇ ಹೋಗಬೇಡಿ, ಕೆಳಗಿನ ಊರಿನವರನ್ನು ಕೇಳಿಕೊಂಡು ಹತ್ತಿ.

ಫೋನಿನ ಮ್ಯಾಪ್ ಈ ಎರಡರಲ್ಲಿ ಯಾವುದನ್ನು ತೋರಿಸುತ್ತಿದೆ ಎಂದು ಹಿಂದಿನ ದಿನವೇ ನೋಡಿ, ಆ ಭಾಗವನ್ನು ಆಫ್‌ಲೈನ್ ಇಳಿಸಿಟ್ಟುಕೊಳ್ಳಿ. ಕಾಡಿನೊಳಗೆ ನೆಟ್‌ವರ್ಕ್ ನಂಬಬೇಡಿ. ಗಾಡಿ ಹೋಗುತ್ತಾ ಹೋಗುತ್ತಾ ದಾರಿ ಕಿರಿದಾಗಿ, ಡಾಂಬರು ಮುಗಿದು, ತೋಟದ ಬೇಲಿ ಎದುರಾದರೆ ಅದು ದಾರಿ ತಪ್ಪಿದ ಗುರುತು. ಮುಂದೆ ನುಗ್ಗದೆ ಹತ್ತಿರದ ಮನೆಯ ಅಂಗಳದಲ್ಲಿ ನಿಂತು ಕೇಳಿ. "ಯಾಣಕ್ಕೆ ಯಾವ ಕಡೆ ಹೋಗಬೇಕು ಮಾರಾಯ್ರೆ?" ಎಂದರೆ ಸಾಕು. ಈ ಕಡೆಯವರು ದಾರಿ ಹೇಳಿ, ಬಾಯಾರಿಕೆಗೂ ಕೇಳುತ್ತಾರೆ.

ಇನ್ನೊಂದು ಮಾತು. ಹೊರಡುವ ಊರಲ್ಲೇ ಪೆಟ್ರೋಲ್ ಹಾಕಿಸಿ. ಚಿಲ್ಲರೆ ನೋಟು ಜೇಬಿನಲ್ಲಿರಲಿ. ನೆಟ್‌ವರ್ಕ್ ಇಲ್ಲದ ಕಡೆ ಫೋನಿನಿಂದ ದುಡ್ಡು ಹೋಗುವುದಿಲ್ಲ.

4. ಚೀಲದಲ್ಲಿ ಏನಿರಬೇಕು

ಕಡಿಮೆ ಸಾಮಾನು ಸಾಕು, ಆದರೆ ಸರಿಯಾದದ್ದು ಬೇಕು. ಬೆನ್ನಿಗೆ ಹಾಕುವ ಚೀಲವೇ ಆಗಲಿ. ಗುಹೆಯಲ್ಲಿ ಎರಡೂ ಕೈ ಖಾಲಿ ಇರಬೇಕು.

ಟಾರ್ಚ್ ಬೇಕು, ತಲೆಗೆ ಕಟ್ಟುವಂಥದ್ದು ಇದ್ದರೆ ಇನ್ನೂ ಒಳ್ಳೆಯದು. ಫೋನಿನ ಬೆಳಕನ್ನೇ ನೆಚ್ಚಿಕೊಂಡರೆ ಒಂದು ಕೈ ಹೋಯಿತು. ಜಾರಿದಾಗ ಆ ಕೈ ಕಲ್ಲು ಹಿಡಿಯುವ ಬದಲು ಫೋನನ್ನು ಕಾಪಾಡುತ್ತದೆ.

ಒಬ್ಬರಿಗೆ ಕನಿಷ್ಠ ಒಂದು ಲೀಟರ್ ನೀರು. ಒಣ ಟವೆಲ್ ಒಂದು. ಇದರ ಉಪಯೋಗ ಏಳನೇ ಹಂತದಲ್ಲಿ ಗೊತ್ತಾಗುತ್ತದೆ. ಬ್ಯಾಂಡೇಜ್, ಹತ್ತಿ, ಒಂದು ಚಿಮಟ. ಮೈ ಮುಚ್ಚುವ, ತಿಳಿ ಬಣ್ಣದ, ಉದ್ದ ತೋಳಿನ ಅಂಗಿ. ಉದ್ದ ಪ್ಯಾಂಟು, ಅದನ್ನು ಕಾಲುಚೀಲದೊಳಗೆ ಸಿಕ್ಕಿಸಿಕೊಳ್ಳಿ. ತಿಳಿ ಬಣ್ಣ ಯಾಕೆಂದರೆ ಉಣುಗು (ರಕ್ತ ಹೀರುವ ಉಣ್ಣಿ ಹುಳು) ಹತ್ತಿದರೆ ಕಣ್ಣಿಗೆ ಬೀಳುತ್ತದೆ.

ಶೂ ಹಿಡಿತ ಇರುವಂಥದ್ದಾಗಲಿ, ಆದರೆ ಬೇಗ ಬಿಚ್ಚಿ ಹಾಕಿಕೊಳ್ಳಲು ಬರಬೇಕು. ಹವಾಯಿ ಚಪ್ಪಲಿ ಬೇಡ.

ಸೆಂಟು ಹಾಕಿಕೊಳ್ಳಬೇಡಿ. ಯಾಕೆಂದು ಮುಂದೆ ಹೇಳುತ್ತೇನೆ. ಸ್ಪೀಕರ್ ಮನೆಯಲ್ಲೇ ಇರಲಿ.

ಊಟದ ವಿಷಯ ಸಣ್ಣದಲ್ಲ. ಅಲ್ಲಿ ಹೋಟೆಲ್ ಸಾಲು ಇರುತ್ತದೆ ಎಂದು ಎಣಿಸಬೇಡಿ. ಅವಲಕ್ಕಿ, ಚಪಾತಿ, ಬಾಳೆಹಣ್ಣು ಕಟ್ಟಿಕೊಳ್ಳಿ. ಗಾಡಿ ಹತ್ತಿರ ಕೂತು ತಿನ್ನಿ, ಮೇಲೆ ಒಯ್ಯಬೇಡಿ. ಮಂಗಗಳು ಚೀಲ ಕಸಿಯುತ್ತವೆ.

5. ನಡಿಗೆ ಶುರು ಮಾಡುವಾಗ

ಬೆಳಗ್ಗೆ ಎಂಟೂವರೆಗೆ ಗಾಡಿ ನಿಲ್ಲಿಸಿರಬೇಕು. ಇದೊಂದನ್ನು ಪಾಲಿಸಿದರೆ ಉಳಿದದ್ದರಲ್ಲಿ ಎರಡು ತಪ್ಪು ಮಾಡಿದರೂ ದಿನ ಉಳಿಯುತ್ತದೆ.

ಶುರುವಿನ ನಡಿಗೆ ಹಳ್ಳದ ಸದ್ದು ಕೇಳುತ್ತಾ ನೆರಳಿನಲ್ಲಿ ಸಾಗುತ್ತದೆ. ಸುಲಭ ಅನಿಸಿ ಎಲ್ಲರೂ ಬೀಸಾಗಿ ನಡೆಯುತ್ತಾರೆ. ಮೆಟ್ಟಿಲು ಬಂದಾಗ ಏದುಸಿರು. ರೊಕ್ಕ ಇದ್ದವ ಗೋಕರ್ಣಕ್ಕೆ, ಸೊಕ್ಕು ಇದ್ದವ ಯಾಣಕ್ಕೆ ಅಂತ ನಮ್ಮ ಕಡೆ ಹಳೆಯ ಮಾತು. ಈಗ ರಸ್ತೆ ಬಂದಿದೆ, ಆದರೆ ಆ ಮೆಟ್ಟಿಲುಗಳು ಇವತ್ತಿಗೂ ಮಂಡಿಯ ಬಲ ಕೇಳುತ್ತವೆ. ಗುಂಪಿನಲ್ಲಿ ಎಲ್ಲರಿಗಿಂತ ನಿಧಾನ ನಡೆಯುವವರನ್ನು ಮುಂದೆ ಬಿಡಿ. ಅವರ ನಡಿಗೆಗೆ ಉಳಿದವರು ಹೊಂದಿಕೊಳ್ಳಲಿ.

ದಾರಿ ಬಿಟ್ಟು ತರಗೆಲೆಯ ಮೇಲೆ ಹೋಗಬೇಡಿ, ಕೂರಲೂ ಬೇಡಿ. ಉಣುಗು ಇರುವುದು ಅಲ್ಲೇ. ಡಿಸೆಂಬರ್‌ನಿಂದ ಮೇ ತನಕ ಈ ಜಿಲ್ಲೆಯ ಕಾಡಿನಲ್ಲಿ ಮಂಗನ ಕಾಯಿಲೆಯ ಭಯ ಇರುತ್ತದೆ. ಅದು ಉಣುಗಿನ ಕಡಿತದಿಂದ ಬರುವ ಜ್ವರ. ದಾರಿಯಲ್ಲಿ ಎಲ್ಲಾದರೂ ಸತ್ತ ಮಂಗ ಕಂಡರೆ ಹತ್ತಿರ ಹೋಗಬೇಡಿ, ಮುಟ್ಟಬೇಡಿ. ಸತ್ತ ಮಂಗದ ಮೈ ಬಿಟ್ಟು ಇಳಿದ ಉಣುಗು ಆ ಸುತ್ತಿನ ನೆಲದಲ್ಲೇ ಇರುತ್ತದೆ. ಅರಣ್ಯ ಇಲಾಖೆಯವರಿಗೋ ಪಂಚಾಯಿತಿಗೋ ತಿಳಿಸಿ, ಆ ದಿನ ಅಲ್ಲಿಂದ ಹಿಂತಿರುಗುವುದೇ ಸರಿ.

ಉಂಬಳ ಕಚ್ಚಿದರೆ ಗಾಬರಿ ಬೇಡ. ಹಿಡಿದು ಎಳೆಯಲೂ ಬೇಡಿ. ಅದರ ಸಪೂರ ತುದಿ ಚರ್ಮಕ್ಕೆ ಅಂಟಿದ ಕಡೆ ಉಗುರು ತೂರಿಸಿ ಮೆಲ್ಲಗೆ ಬಿಡಿಸಿ. ರಕ್ತ ಹೆಪ್ಪುಗಟ್ಟದಂತೆ ಮಾಡುವ ರಸ ಅದರ ಬಾಯಲ್ಲಿ ಇರುವುದರಿಂದ ಸ್ವಲ್ಪ ಹೊತ್ತು ಸೋರುತ್ತಲೇ ಇರುತ್ತದೆ. ತೊಳೆದು ಹತ್ತಿ ಒತ್ತಿ ಹಿಡಿದರೆ ನಿಲ್ಲುತ್ತದೆ.

6. ಶಿಖರ ಕಂಡ ಕೂಡಲೇ ಮೇಲೆ ನೋಡಿ

ಮರಗಳ ನಡುವಿನಿಂದ ಕಪ್ಪು ಕಲ್ಲು ಎದ್ದು ಕಾಣುವ ಗಳಿಗೆ ಬರುತ್ತದೆ. ಭೈರವೇಶ್ವರ ಶಿಖರ ಸುಮಾರು 120 ಮೀಟರ್ ಎತ್ತರ, ಮೋಹಿನಿ ಶಿಖರ ಸುಮಾರು 90 ಮೀಟರ್. ಎಷ್ಟು ಸಲ ಹೋದರೂ ಅಲ್ಲಿ ನನ್ನ ಮಾತು ನಿಲ್ಲುತ್ತದೆ. ಬಂದವರೆಲ್ಲ ಆ ಹೊತ್ತಿಗೆ ಕೂಗುತ್ತಾರೆ, ಶಿಳ್ಳೆ ಹೊಡೆಯುತ್ತಾರೆ. ದಯವಿಟ್ಟು ಬೇಡ.

ಕಲ್ಲಿನ ಮೇಲ್ಭಾಗದಲ್ಲಿ, ಮುಂದಕ್ಕೆ ಚಾಚಿದ ಅಂಚುಗಳ ಕೆಳಗೆ ನೋಡಿ. ದೊಡ್ಡ ದೊಡ್ಡ ಕಪ್ಪು ಹಲಗೆಗಳು ತೂಗುಬಿದ್ದಂತೆ ಕಾಣುತ್ತವೆ. ಅವು ಹೆಜ್ಜೇನಿನ ತೊಟ್ಟಿಗಳು. ಈ ಇಡೀ ಪ್ರವಾಸದಲ್ಲಿ ನಿಜವಾಗಿ ಜೀವಕ್ಕೆ ಅಪಾಯ ತರಬಲ್ಲದ್ದು ಇದು. ಹೊಗೆ, ಸೆಂಟಿನ ವಾಸನೆ, ಗಲಾಟೆ, ಎಸೆದ ಕಲ್ಲು, ಹತ್ತಿರ ಹಾರುವ ಡ್ರೋನ್, ಯಾವುದಕ್ಕೂ ಅವು ಕೆರಳಬಹುದು. ಬೀಡಿ ಸಿಗರೇಟು ಹಚ್ಚಲೇಬೇಡಿ. ಒಬ್ಬ ಮಾಡಿದ ತಪ್ಪಿಗೆ ಅಲ್ಲಿರುವ ಎಲ್ಲರೂ ಕಚ್ಚಿಸಿಕೊಳ್ಳಬೇಕಾಗುತ್ತದೆ.

ಅಪಾಯದ ಗುರುತುಗಳನ್ನು ಕಲಿತಿರಿ. ತೊಟ್ಟಿಯ ಮೇಲೆ ಅಲೆ ಎದ್ದಂತೆ ಹುಳುಗಳು ಒಟ್ಟಿಗೆ ಮಿಣುಗಿದರೆ ಅವು ಎಚ್ಚರಿಕೆ ಕೊಡುತ್ತಿವೆ. ಒಂದೆರಡು ಹುಳು ಬಂದು ನಿಮ್ಮ ಮುಖದ ಸುತ್ತಲೇ ಸುತ್ತುತ್ತಿದ್ದರೆ ಕೈ ಬೀಸಬೇಡಿ, ಹೊಡೆಯಬೇಡಿ. ಮೆಲ್ಲಗೆ ಬಂದ ದಾರಿಯಲ್ಲೇ ಹಿಂದೆ ಸರಿಯಿರಿ. ಹಿಂಡು ಎದ್ದೇ ಬಿಟ್ಟರೆ ಟವೆಲ್‌ನಿಂದ ತಲೆ, ಮುಖ ಮುಚ್ಚಿಕೊಂಡು ಆದಷ್ಟು ದೂರ ಓಡಿ, ಗಾಡಿಯೋ ಮನೆಯೋ ಸಿಕ್ಕರೆ ಒಳಗೆ ಸೇರಿಕೊಳ್ಳಿ. ಮೆಟ್ಟಿಲ ಮೇಲೆ ಇದ್ದರೆ ಕಾಲ ಕಡೆ ಗಮನ ಇರಲಿ. ನೀರಿಗೆ ಧುಮುಕಬೇಡಿ, ಮೇಲೆ ಬರುವ ತನಕ ಅವು ಕಾಯುತ್ತವೆ.

ಕಚ್ಚಿದ ಮುಳ್ಳನ್ನು ತಡ ಮಾಡದೆ ಉಗುರಿನಿಂದ ಕೆರೆದು ತೆಗೆಯಿರಿ. ತುಟಿ, ನಾಲಿಗೆ ಊದಿಕೊಂಡರೆ, ಉಸಿರು ಕಟ್ಟಿದರೆ, ಅಥವಾ ತುಂಬ ಕಡೆ ಕಚ್ಚಿದ್ದರೆ ಮನೆಮದ್ದಿಗೆ ಹೊತ್ತು ಕಳೆಯಬೇಡಿ. ತಕ್ಷಣ ಆಸ್ಪತ್ರೆ. 108ಕ್ಕೆ ಕರೆ ಹೋಗದಿದ್ದರೆ ಸಿಕ್ಕ ಗಾಡಿಯಲ್ಲಿ ಹೊರಡಿ.

7. ಗುಹೆಯೊಳಗೆ

ಭೈರವೇಶ್ವರ ಶಿಖರದ ಬುಡದಲ್ಲಿ ದೇವಸ್ಥಾನ. ಲಿಂಗದ ಮೇಲೆ ಬಂಡೆಯಿಂದ ನೀರು ತೊಟ್ಟಿಕ್ಕುತ್ತದೆ. ದರ್ಶನ ಮುಗಿದ ಮೇಲೆ ಅಲ್ಲಿನ ಭಟ್ಟರನ್ನು ಕೇಳಿ, "ಭಟ್ರೇ, ಪ್ರದಕ್ಷಿಣೆ ಯಾವ ಕಡೆಯಿಂದ?" ಈ ಒಂದು ಪ್ರಶ್ನೆ ಕೇಳದ್ದಕ್ಕೇ ನಮ್ಮ ನೆಂಟರಲ್ಲಿ ಎಷ್ಟೋ ಜನ ಗುಹೆ ನೋಡದೆ ಬಂದಿದ್ದಾರೆ. ಗುಹೆ ಅಂದರೆ ಇದೇ ಪ್ರದಕ್ಷಿಣೆಯ ದಾರಿ. ಬಂಡೆಯ ಸೀಳಿನೊಳಗೆ ಒಂದು ಕಡೆ ಹೊಕ್ಕು, ಸುತ್ತಿ, ಇನ್ನೊಂದು ಕಡೆ ಹೊರಬರುತ್ತೀರಿ.

ಚಪ್ಪಲಿ, ಶೂ ಕೆಳಗೇ ಬಿಡಬೇಕು. ಕಾಲುಚೀಲವನ್ನೂ ಬಿಚ್ಚಿ. ಇದನ್ನು ಒತ್ತಿ ಹೇಳುತ್ತೇನೆ. ಕಲ್ಲು ತಣ್ಣಗಿರುತ್ತದೆ ಎಂದು ಕಾಲುಚೀಲ ಹಾಕಿಕೊಂಡೇ ಹೋಗುವವರು ಬಹಳ. ಒದ್ದೆ ಕಲ್ಲಿನ ಮೇಲೆ ಒದ್ದೆ ಬಟ್ಟೆ ಎಣ್ಣೆ ಸವರಿದ ಹಾಗೆ. ಮೂರು ವರ್ಷದ ಹಿಂದೆ ನಮ್ಮ ಅತ್ತಿಗೆ ಹೀಗೇ ಜಾರಿ ಮಣಿಕಟ್ಟು ಉಳುಕಿಸಿಕೊಂಡರು. ಬರಿಗಾಲಿಗೆ ಹಿಡಿತ ಸಿಗುತ್ತದೆ, ಅಂಗಾಲಿನಲ್ಲಿ ಕೆಸರು ಇರಬಾರದು ಅಷ್ಟೆ. ಹೊಗುವ ಮೊದಲು ಟವೆಲ್‌ನಿಂದ ಕಾಲು ಒರೆಸಿಕೊಳ್ಳಿ, ನಡುವೆ ಒದ್ದೆಯಾದರೆ ಮತ್ತೆ ಒರೆಸಿ.

ಗುಹೆಯ ಬಾಯಿ ಸುಮಾರು 3 ಮೀಟರ್ ಅಗಲ. ಮುಂದೆ ಕೆಲವು ಕಡೆ ಇಕ್ಕಟ್ಟು. ಬೆನ್ನಿನ ಚೀಲವನ್ನು ಎದೆಗೆ ತಂದುಕೊಳ್ಳಿ. ಮಕ್ಕಳು ಇಬ್ಬರು ದೊಡ್ಡವರ ನಡುವೆ ಇರಲಿ. ಇಕ್ಕಟ್ಟಿಗೆ ಹೆದರುವವರು ಇದ್ದರೆ ಅವರಿಗೆ ಮೊದಲೇ ಹೇಳಿಡಿ: ಈ ಸೀಳಿಗೆ ಮೇಲಿನಿಂದ ಬೆಳಕು, ಗಾಳಿ ಬರುತ್ತದೆ, ಉಸಿರು ಕಟ್ಟುವ ಜಾಗ ಅಲ್ಲ.

ಹೊಕ್ಕ ಕೂಡಲೇ ಎರಡು ನಿಮಿಷ ಸುಮ್ನೆ ನಿಲ್ಲಿ. ಬಿಸಿಲಿನಿಂದ ಬಂದ ಕಣ್ಣಿಗೆ ಮೊದಲು ಬರೀ ಕಪ್ಪು. ಕಣ್ಣು ಹೊಂದಿದ ಮೇಲೆ ಮೆಟ್ಟಿಲ ಅಂಚು, ನೀರಿನ ಪಸೆ, ಪಾಚಿಯ ಹಸಿರು ಎಲ್ಲ ಬೇರೆ ಬೇರೆಯಾಗಿ ಕಾಣುತ್ತವೆ. ನಿಲ್ಲದೆ ನುಗ್ಗುವವರೇ ಎಡವುವುದು.

ಕಾಲಿಡುವಾಗ ಇಡೀ ಪಾದ ಊರಿ. ಹಸಿರು ಕಂಡಲ್ಲಿ ಬೇಡ, ಕಪ್ಪಗೆ ಹೊಳೆಯುವಲ್ಲಿಯೂ ಬೇಡ. ಒರಟಾಗಿ ಮಾಸಿದಂತೆ ಕಾಣುವ ಕಲ್ಲು ಒಳ್ಳೆಯದು. ಒಂದು ಕೈ ಯಾವಾಗಲೂ ಗೋಡೆಯ ಮೇಲೆ ಇರಲಿ, ಆದರೆ ಚಾಚಿದ ಚೂಪುಗಳನ್ನು ಹಿಡಿದು ಜಗ್ಗಬೇಡಿ. ಇದು ಸುಣ್ಣದ ಕಲ್ಲು. ಮಳೆನೀರು ಗಾಳಿಯ, ಮಣ್ಣಿನ ಇಂಗಾಲದ ಡೈಆಕ್ಸೈಡ್ ಸೇರಿಸಿಕೊಂಡು ಸ್ವಲ್ಪ ಹುಳಿಯಾಗುತ್ತದೆ. ಅದು ಕಲ್ಲನ್ನು ಕರಗಿಸುತ್ತಾ ಹೋಗಿ ಈ ಸೀಳು, ಈ ಚೂಪು, ಈ ಗುಹೆ ಆದದ್ದು. ಹಾಗೆ ತಿಂದುಹೋದ ಕಲ್ಲಿನ ಅಂಚು ಕೈ ಕುಯ್ಯುತ್ತದೆ, ಕೆಲವು ಕಡೆ ಮುರಿದೂ ಬರುತ್ತದೆ. ಮುರಿದದ್ದು ಮತ್ತೆ ನಮ್ಮ ಕಾಲದಲ್ಲಿ ಬೆಳೆಯುವುದಿಲ್ಲ. ಬಿರುಕುಗಳಲ್ಲಿ ಕೈ ತೂರಿಸಬೇಡಿ, ಹಾವು ಇರಬಹುದು. ಹೆಸರು ಕೆತ್ತುವವರು ನಿಮ್ಮ ಗುಂಪಿನಲ್ಲೇ ಇದ್ದರೆ ನೀವೇ ತಡೆಯಿರಿ.

ಮಧ್ಯದಲ್ಲಿ ಜಾಗ ಅಗಲವಾದಾಗ ಟಾರ್ಚ್ ಆರಿಸಿ. ಎರಡು ಬದಿಗೂ ಗೋಡೆ ಎದ್ದು ನಿಂತಿರುತ್ತದೆ, ಮೇಲೆ ಆಕಾಶದ ಒಂದು ತುಂಡು. ಹೊತ್ತು ಏರಿದಷ್ಟೂ ಬೆಳಕು ಗೋಡೆಯ ಮೇಲೆ ಕೆಳಗೆ ಕೆಳಗೆ ಇಳಿದು ಬರುತ್ತದೆ. ಬೆಳಗ್ಗೆಯೇ ಬನ್ನಿ ಎಂದು ಅಷ್ಟು ಹೇಳಿದ್ದು ಇದಕ್ಕೂ ಹೌದು. ಒಂಬತ್ತಕ್ಕೆ ಒಳಗೆ ಬಂದವರು ಹತ್ತೂವರೆಯ ತನಕ ಅಲ್ಲೇ ಒಂದು ಒಣ ಕಲ್ಲು ನೋಡಿ ಕೂತರೆ ಆ ಇಳಿಯುವ ಬೆಳಕನ್ನು ನೋಡಬಹುದು. ಬಾವಲಿಗಳು ಇದ್ದರೆ ಅವುಗಳ ಮೇಲೆ ಟಾರ್ಚ್ ಬಿಡಬೇಡಿ. ಫೋಟೋ ಬೇಕಿದ್ದರೆ ನಿಂತು ತೆಗೆಯಿರಿ. ತೆಗೆಯುತ್ತಾ ಹಿಂದೆ ಹೆಜ್ಜೆ ಇಡಬೇಡಿ, ಇದೊಂದರಿಂದ ಬಿದ್ದವರನ್ನು ಕಣ್ಣಾರೆ ನೋಡಿದ್ದೇನೆ.

ಒಳಗಿರುವಾಗ ಜೋರು ಮಳೆ ಹಿಡಿದರೆ, ಅಥವಾ ಮೇಲಿನಿಂದ ಸಣ್ಣ ಕಲ್ಲು, ಮಣ್ಣು ಉದುರಿದರೆ ಅದು ಹೊರಡುವ ಸೂಚನೆ. ಅರ್ಧ ದಾರಿ ಆಗಿದ್ದರೂ ಹತ್ತಿರದ ಬಾಯಿಯಿಂದ ಹೊರಬನ್ನಿ.

8. ಮೋಹಿನಿ ಶಿಖರ, ಆಮೇಲೆ ಇಳಿಯುವುದು

ಹೊರಬಂದ ಮೇಲೆ ಮೋಹಿನಿ ಶಿಖರವನ್ನು ಮರೆಯಬೇಡಿ. ಹತ್ತುವುದಕ್ಕಲ್ಲ, ನೋಡುವುದಕ್ಕೆ. ಗಡಿಬಿಡಿ ಇಲ್ಲದಿದ್ದರೆ ಕಾಲು ಗಂಟೆ ಸಾಕು.

ಇಳಿಯುವಾಗ ಮಂಡಿಗೆ ಹತ್ತುವುದಕ್ಕಿಂತ ಜಾಸ್ತಿ ಕಷ್ಟ. ವಯಸ್ಸಾದವರು ಮೆಟ್ಟಿಲನ್ನು ಓರೆಯಾಗಿ ಇಳಿಯಲಿ, ಕೆಳಗಿನ ಮೆಟ್ಟಿಲಲ್ಲಿ ಒಬ್ಬರು ಇರಲಿ. ತಂದ ಪ್ಲಾಸ್ಟಿಕ್ ಎಲ್ಲ ವಾಪಸ್ ಚೀಲಕ್ಕೆ. ಈ ಹಳ್ಳದ ನೀರು ಚಂಡಿಕಾ ಹೊಳೆಯಾಗಿ ಅಘನಾಶಿನಿ ಸೇರುತ್ತದೆ. ನೀವು ಬಿಟ್ಟ ಬಾಟಲಿಯೂ ಅದೇ ದಾರಿ ಹಿಡಿಯುತ್ತದೆ.

ಹೊತ್ತು ಉಳಿದಿದ್ದರೆ ವಿಭೂತಿ ಜಲಪಾತ ಹತ್ತಿರದಲ್ಲೇ ಇದೆ. ಗುಹೆಗೆ ಮೊದಲು ಅಲ್ಲಿಗೆ ಹೋಗಬೇಡಿ. ನೀರಿಗೆ ಇಳಿದ ಮಕ್ಕಳನ್ನು ಮೇಲೆ ಎಬ್ಬಿಸುವಷ್ಟರಲ್ಲಿ ಮಧ್ಯಾಹ್ನ ಆಗಿರುತ್ತದೆ.

9. ಮನೆಗೆ ಬಂದ ಮೇಲೆ

ಪ್ರವಾಸ ಇನ್ನೂ ಮುಗಿದಿಲ್ಲ. ಬಟ್ಟೆಯನ್ನು ಹಾಸಿಗೆ ಮೇಲೆ ಹಾಕದೆ ನೇರ ಬಿಸಿನೀರಿಗೆ ಹಾಕಿ. ಸೋಪು ಹಚ್ಚಿ ಸ್ನಾನ ಮಾಡಿ. ಕಂಕುಳು, ತೊಡೆಸಂದಿ, ಮಂಡಿಯ ಹಿಂಭಾಗ, ಕಿವಿಯ ಹಿಂದೆ, ಕೂದಲ ಬುಡ ನೋಡಿ. ಮಕ್ಕಳನ್ನು ನೀವೇ ನೋಡಿ. ಸಾಸಿವೆ ಕಾಳಿಗಿಂತಲೂ ಸಣ್ಣ ಉಣುಗು ಇರುತ್ತದೆ. ಸಿಕ್ಕರೆ ಚಿಮಟದಲ್ಲಿ ಚರ್ಮದ ಹತ್ತಿರ ಹಿಡಿದು ನೇರ ಮೇಲಕ್ಕೆ ಎಳೆಯಿರಿ. ಉಗುರಲ್ಲಿ ಚಿವುಟಿ ಕೊಲ್ಲಬೇಡಿ. ಆ ಜಾಗ, ಕೈ ಎರಡನ್ನೂ ಸೋಪಿನಲ್ಲಿ ತೊಳೆಯಿರಿ.

ಮುಂದಿನ ಎಂಟು ಹತ್ತು ದಿನ ಮೈ ಕಡೆ ಗಮನ ಇಡಿ. ಇದ್ದಕ್ಕಿದ್ದಂತೆ ಜೋರು ಜ್ವರ, ತಲೆನೋವು, ಸೊಂಟ, ಕಾಲು ಹಿಂಡುವ ನೋವು ಬಂದರೆ ಅಂಗಡಿಯಿಂದ ಮಾತ್ರೆ ತಂದು ನುಂಗಬೇಡಿ. ಡಾಕ್ಟರ್ ಹತ್ತಿರ ಹೋಗಿ, ಅವರು ಕೇಳದಿದ್ದರೂ ಮೊದಲ ಮಾತೇ ಇದಾಗಲಿ: "ಉತ್ತರ ಕನ್ನಡದ ಕಾಡಿಗೆ ಹೋಗಿದ್ದೆ." ಯಾವ ದಿನ ಹೋಗಿದ್ದಿರಿ, ಉಣುಗು ಸಿಕ್ಕಿತ್ತೋ ಇಲ್ಲವೋ, ಅದನ್ನೂ ಹೇಳಿ. ಬೆಂಗಳೂರಿನಲ್ಲಿ ಕೂತ ಡಾಕ್ಟರಿಗೆ ನೀವು ಹೇಳದೆ ಅದು ಹೊಳೆಯುವುದು ಕಷ್ಟ.